ಅಕ್ಕೋರು ಇಳಿಸಿದ ಬೆಟ್ಟ

ನನ್ನ ಮೊಮ್ಮಗಳ ಚಿತ್ರ ಇವತ್ತು ನಾವಿರುವ ಪರದೇಶದ ಊರು ಹಾರ್ಲೆಮ್‌ನ ಪ್ರದರ್ಶನದ ಗೋಡೆ ಏರಿತು! ಆದರೆ ಹೇಳಬೇಕಾದದ್ದು ಅವಳಿಗೆ ಚಿತ್ರ ಕಲಿಸಿದ ಅಕ್ಕೋರ ಬಗ್ಗೆ.

ಬೆಳ್ಳಗಿನ ಗುಂಗುರು ಕೂದಲು, ಕಪ್ಪು ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ನೇರಳೆ ಬಣ್ಣ. ಆಸ್ಟ್ರೇಲಿಯಾದ ಮರುಭೂಮಿಯ ಮೂಲನಿವಾಸಿ; ಮಗಳ ಜೊತೆ ನಮ್ಮ ಕೆಳಗಿನ ಮನೆಯಲ್ಲಿದ್ದಾರೆ. ಅವರ ಅಜ್ಜ, ಸೋದರಮಾವಂದಿರು ನೀರುಬಣ್ಣದಲ್ಲಿ ತಮ್ಮ ನೆಲವನ್ನೇ ಬರೆದವರು: ಕೆಂಪು ಬೆಟ್ಟ, ಬಿಳಿ ಕಾಂಡದ ಮರ. ಕುಂಚ ಅದ್ದುವ ಮುಂಚೆ ಅಕ್ಕೋರು ಆ ಬೆಟ್ಟವನ್ನು ಅವರ ಭಾಷೆಯಲ್ಲಿ ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಾರೆ. ಶಾಲೆ ಅರ್ಧಕ್ಕೇ ಬಿಟ್ಟ ನನಗೆ ಕನ್ನಡವೊಂದೇ ಗೊತ್ತು. ಅವರ ಮಾತನ್ನೆಲ್ಲ ಮೊಮ್ಮಗಳೇ ತಿರುಗಿಸಿ ಹೇಳಬೇಕು. "ಇದು ಸೀನರಿ ಅಲ್ಲಂತ ಅಜ್ಜಿ, ಅವರ ಬಳಗ ಅಂತ."

ಹೋದ ವಾರ ಅವಳು ಅದೇ ಬೆಟ್ಟವನ್ನು ಥೇಟ್ ಹಾಗೇ ಬರೆದು, ಅಕ್ಕೋರು ಹಿಗ್ಗುತ್ತಾರೆಂದು ಅವರ ಶಿಷ್ಯರ ಪ್ರದರ್ಶನದ ಗೋಡೆಗೆ ಹಾಕಿದಳು. ಅಕ್ಕೋರ ಮುಖ ಬಿಗಿಯಿತು. ಚಿತ್ರ ಇಳಿಸಿ, ಗೋಡೆಗೆ ಮುಖ ಮಾಡಿ ಇಟ್ಟರು.

"ಅವರನ್ನ ಕೇಳದ ಬರೀಬಾರದಂತ ಅಜ್ಜಿ." ಹುಡುಗಿ ಅಳುವುದೊಂದೇ ಬಾಕಿ.

ನನಗೆ ಮೈ ಉರಿಯಿತು. "ಗುಡ್ಡ ಏನ್ ಇವರಪ್ಪಂದೇನ? ಕೇಳು!"

ಅವಳು ಬೆವರುತ್ತ ಕೇಳಿದಳು. ಅಕ್ಕೋರು ಸಿಟ್ಟಾಗಲಿಲ್ಲ.

"ಅಪ್ಪಂದಲ್ಲಂತ, ಅವರ ಅವ್ವನ ಅಪ್ಪಂದಂತ. ನಿನ್ನ ನೆಲ ಯಾವುದು ಅಂತ ನನ್ನ ಕೇಳ್ತಾರ."

ಇಲ್ಲೇ ಹುಟ್ಟಿದ ಕೂಸು, ಏನು ಹೇಳೀತು? ವಾರದೊಳಗೆ ಬೇರೆ ಚಿತ್ರ ಬರದಿದ್ದರೆ ಆ ಜಾಗ ಇನ್ನೊಬ್ಬರಿಗೆ.

"ಅಜ್ಜಿ, ನಿನ್ನ ಗಜೇಂದ್ರಗಡದ ಗುಡ್ಡ ಬರೀಲೇನ?"

ಹೂಂ ಅನ್ನಲು ಹೋದವಳು ತಡೆದೆ. "ಒಂದಿನಾನೂ ಹತ್ತಿಲ್ಲ ನೀ. ಬ್ಯಾಡವ್ವ."

ಅಂದ ಮೇಲೆ ನನಗೇ ಗಾಬರಿ. ಹುಡುಗಿ ಅದನ್ನು ತಿರುಗಿಸಿ ಹೇಳಿದ ಮೇಲೆ ಅಕ್ಕೋರು ನನ್ನ ಭುಜ ಒತ್ತಿದರು.

ಕೊನೆಗೆ ಅವಳು ಮನೆ ಹಿಂದಿನ ಕಾಲುವೆ ಬರೆದಳು. ಇವತ್ತು ಅಕ್ಕೋರು ಚಿತ್ರ ಹಿಡಿದುಕೊಂಡೇ ಪ್ರಶ್ನೆ ಹಾಕಿದರು. ಈ ನೀರು ಎಲ್ಲಿಗೆ ಹೋಗುತ್ತದೆ? ಇದರಲ್ಲಿ ಯಾರಿದ್ದಾರೆ? ಪಂಪ್ ಎತ್ತಿ ದೊಡ್ಡ ಕಾಲುವೆಗೆ ಹಾಕುತ್ತದೆ, ಜೊಂಡಿನೊಳಗೆ ನೀರುಕೋಳಿ ಗೂಡಿದೆ, ಈ ತಿರುವಿನಲ್ಲಿ ಸೈಕಲ್ ಸಮೇತ ತಾನೇ ಬಿದ್ದಿದ್ದೆ ಎಂದೆಲ್ಲ ಅವಳು ನನಗೂ ತಿರುಗಿಸುತ್ತ ಹೇಳುತ್ತಲೇ ಹೋದಳು. ಅಕ್ಕೋರು ಪೂರ್ತಿ ಕೇಳಿಸಿಕೊಂಡು, ತಮ್ಮ ಕೈಯಿಂದಲೇ ಚಿತ್ರವನ್ನು ಮೊಳೆಗೆ ಹಾಕಿದರು.

ನಿನ್ನ ಊರು ಇದು ಎಂದು ಆ ಕೂಸಿಗೆ ನಮ್ಮಲ್ಲಿ ಯಾರೂ ತೋರಿಸಿರಲಿಲ್ಲ. ಅಕ್ಕೋರು ಅದನ್ನು ಅವಳ ಬಾಯಿಂದಲೇ ಹೇಳಿಸಿದರು. ಈ ಋಣ ನಾನು ಹೇಗೆ ತೀರಿಸಲಿ?

ಸಂಜೆ ಅಕ್ಕೋರನ್ನೂ ಕರೆದು ಮನೆಮಂದಿಯೆಲ್ಲ ರೊಟ್ಟಿ, ಎಣ್ಣೆಗಾಯಿ ಉಣ್ಣಲು ಕೂತೆವು. "ಕಾಲುವ್ಯಾಗ ಬಿದ್ದಿದ್ದೇನ? ನನಗ್ಯಾಕ ಹೇಳಲಿಲ್ಲ?" ಎಂದು ನನ್ನ ಮಗಳು ಅವಳನ್ನು ಗದರುತ್ತಿದ್ದಳು, ಅಕ್ಕೋರು ಇನ್ನೊಂದು ರೊಟ್ಟಿಗೆ ಕೈ ಚಾಚಿದರು.