ಬಾವುಟದ ಮಡಿಕೆಯಲ್ಲಿ ಏನಿತ್ತು

...ಅಥವಾ ಅದನ್ನು ಹೊಲಿದದ್ದು ಬೇರೆ ವರ್ಷವೇ? ಮರಾಠಿ ನಾಡಿನ ಖರಾಡಿಯ ನಮ್ಮ ಫ್ಲಾಟಿನಲ್ಲಿ ದೊಡ್ಡವ್ವ ಹೊಲಿಗೆ ಯಂತ್ರದ ಮುಂದೆ ಕೂತದ್ದು ನೆನಪಿದೆ. ಆದರೆ ಅವಳ ಮೂಗಿನ ಮೇಲೆ ಕನ್ನಡಕ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಬಟ್ಟೆ ಮಾತ್ರ ಖಚಿತ: ಹಳದಿ, ಕೆಂಪು. ಸೊಸೈಟಿಯ ಕನ್ನಡಿಗರು ರಾಜ್ಯೋತ್ಸವಕ್ಕೆಂದು ಅವಳಿಗೆ ಒಪ್ಪಿಸಿದ ಕೆಲಸ.

ಹಳದಿಯೇ ಯಾಕೆ ಮೇಲೆ ಎಂದು ಕೇಳಿದೆ.

"ಮೊದಲ ಅರಿಷಿಣ ಹಚ್ಚತಾರ, ಆಮ್ಯಾಲ ಕುಂಕುಮ. ಅಷ್ಟೂ ಗೊತ್ತಿಲ್ಲೇನ ನಿನಗ?"

ಬಾವುಟ ರೂಪಿಸಿದವರ ತಲೆಯಲ್ಲೂ ಇದೇ ಇತ್ತೋ ಏನೋ. ನಡುವೆ ಬಿಳಿ ಪಟ್ಟಿ, ಅದರಲ್ಲಿ ಗಂಡಭೇರುಂಡ ಇರುವ ಇನ್ನೊಂದನ್ನು ಸರ್ಕಾರ ಒಮ್ಮೆ ಮುಂದಿಟ್ಟಿತ್ತು. ಮೊಬೈಲಿನಲ್ಲಿ ತೋರಿಸಿದೆ.

"ಎರಡು ತಲಿ ಹಕ್ಕಿ ಹೊಲಿಯೂದು ನನ್ನ ಕೈಲೆ ಆಗೂದಿಲ್ಲಪಾ" ಎಂದು ಚರ್ಚೆ ಮುಗಿಸಿದಳು.

ರಾಜ್ಯೋತ್ಸವದ ಹಿಂದಿನ ಸಂಜೆ, ಹೋಟೆಲ್ ನಡೆಸುವ ಕರಾವಳಿಯ ನೆರೆಯವರು ಬಂದರು. "ಹೊಲಿದದ್ದು ನೀವಲ್ವಾ ಅಮ್ಮ? ಹಾರಿಸುವುದೂ ನೀವೇ."

ದೊಡ್ಡವ್ವ ವಿಧವೆ. ಸಂಕ್ರಾಂತಿಯ ನಂತರ ಇಲ್ಲಿ ಮನೆಮನೆಯಲ್ಲೂ ಮುತ್ತೈದೆಯರ ಹಳದಿ-ಕುಂಕು ನಡೆಯುವಾಗ ಅವಳು ಅಡುಗೆಮನೆಯಲ್ಲಿ ಎಳ್ಳುಂಡೆ ಕಟ್ಟುತ್ತಾಳೆ, ಹೊರಗೆ ಬರುವುದಿಲ್ಲ.

"ನನಗ ಅರಿಷಿಣ ಕುಂಕುಮ ಯಾರೂ ಕೊಡೂದಿಲ್ರಿ. ಅದರದ ಬಾವುಟ ಹೆಂಗ ಕೊಡ್ತೀರಿ?" ನಗುತ್ತಲೇ ಕೇಳಿದಳು.

ಅವರು ತಡವರಿಸಿದರು. "ಅದು ಬಟ್ಟೆ ಅಲ್ವಾ ಅಮ್ಮ..."

"ಹಂಗಾದ್ರ ಇಷ್ಟು ದಿನ ನಾ ಬರೇ ಬಟ್ಟಿ ಹೊಲದ್ನೇನ್ರಿ?"

ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ರಾತ್ರಿ ಊಟದ ಮೇಜಿನ ಮೇಲೆ ಹೂವಿನ ಎಸಳು ತುಂಬಿ ಬಾವುಟ ಮಡಚಿಟ್ಟೆವು. ಮಡಚಿದ್ದು ನಾನು ಎಂದು ಹೇಳಿಕೊಂಡು ಬಂದಿದ್ದೇನೆ. ತಾನು ಅನ್ನುತ್ತಾಳೆ ನನ್ನ ಹೆಂಡತಿ.

ಬೆಳಿಗ್ಗೆ ದೊಡ್ಡವ್ವ ಬಂದಳು. ಕಂಬದಿಂದ ದೂರ, ಪಾರ್ಕಿಂಗಿನ ನೆರಳಲ್ಲಿ ನಿಂತಳು. ನೆರೆಯವರು ಎರಡು ಸಲ ಕರೆದರು. ಮೂರನೆಯ ಸಲ ಅವಳೇ ನಡೆದು ಬಂದು ಹಗ್ಗ ಜಗ್ಗಿದಳು. ಗಂಟು ಬಿಚ್ಚಿ ಎಸಳುಗಳು ಅವಳ ಮೇಲೆಯೇ ಉದುರಿದವು; ಹಣೆಯ ಮೇಲೆ ಒಂದಿಷ್ಟು ಕೆಂಪು ಪುಡಿ. ಒರೆಸಲು ಸೆರಗು ಎತ್ತಿದಳು. ಅಷ್ಟರಲ್ಲಿ ನಾಡಗೀತೆ ಶುರುವಾಯಿತು. ಸೆರಗು ಬಿಟ್ಟು ನೆಟ್ಟಗೆ ನಿಂತಳು. ಆಮೇಲೆ ಉಪ್ಪಿಟ್ಟು ತಿನ್ನುವಾಗಲೂ ಆ ಕೆಂಪು ಅಲ್ಲೇ ಇತ್ತು.

ಮಡಿಕೆಯಲ್ಲಿ ಕುಂಕುಮ ಇಟ್ಟವರು ಯಾರು ಎಂದು ಮನೆಗೆ ಬಂದು ಕೇಳಿದೆ.

"ಬಾವುಟಾ ಛಲೋ ಹಾರ್ತಲ್ಲ?" ಅಂದಳು ದೊಡ್ಡವ್ವ.

ಹೆಂಡತಿ ತಾನಲ್ಲ ಅನ್ನುತ್ತಾಳೆ. ನಾನಂತೂ ಅಲ್ಲ. ಅದು ಕುಂಕುಮವೋ, ಪುಡಿಯಾದ ಗುಲಾಬಿ ಎಸಳೋ, ಅದೂ ನನಗೆ ಗೊತ್ತಿಲ್ಲ.