ತಂಗಿಯ ಹಂದರ, ನನ್ನ ಹಂದರ

ಖಾನಾಪುರದಲ್ಲಿರುವ ನನ್ನ ತಂಗಿ ತನ್ನ ಹಿತ್ತಲಲ್ಲಿ ಒಂದು ಹಂದರ ನಿಲ್ಲಿಸಿಕೊಂಡಳು. ಅದರಿಂದ ನನಗಾದ ಹೊಟ್ಟೆಯುರಿಯನ್ನು ಈವರೆಗೆ ಯಾರ ಮುಂದೆಯೂ ಹೇಳಿಲ್ಲ. ಹೇಳಿಕೊಳ್ಳುವಂಥದ್ದೂ ಅಲ್ಲ. ಐವತ್ತೈದು ದಾಟಿದ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ, ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿಯೇ ಚಹಾ ಕುಡಿಯುವ ಹೆಂಗಸು ನಾನು. ನಾಲ್ಕು ಕಂಬ, ಮೇಲೆ ಎಂಟು ಅಡ್ಡಪಟ್ಟಿ, ಅದರ ಮೇಲೆ ಹಬ್ಬಿದ ಒಂದು ಶಂಖಪುಷ್ಪದ ಬಳ್ಳಿ. ಇಷ್ಟಕ್ಕೆ ಯಾರಾದರೂ ಸಂಕಟಪಡುತ್ತಾರೆಯೇ? ನಾನು ಪಟ್ಟೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆ ಬೆಳಗಾವಿಯ ರಾಮತೀರ್ಥ ನಗರದಲ್ಲೇ ಇದ್ದಾಳೆ. ವರ್ಷಕ್ಕೊಮ್ಮೆ ಎಂಟು ದಿನ ತಂಗಿಯ ಮನೆಗೆ ಹೋಗುವಳು, ಒಂಬತ್ತನೆಯ ದಿನ ನಿದ್ದೆ ಹತ್ತುವುದಿಲ್ಲವೆಂದು ವಾಪಸು ಬರುವಳು. ಆ ಸಲ ಹೋದವಳು ಒಂದು ತಿಂಗಳಾದರೂ ಬರಲಿಲ್ಲ. ಫೋನ್ ಮಾಡಿದೆ.

"ಬರ್ತೇನಿ ತಗೋ," ಅಂದಳು ಅವ್ವ. "ಇಲ್ಲೆ ಹಂದರದ ಕೆಳಗ ಕುಂತರ ಹೊತ್ತ ಹೋಗಿದ್ದ ಗೊತ್ತಾಗವಲ್ದು. ಮೆಂತೆ ಸೋಸ್ತೇನಿ, ಮಂದಿ ಬರ್ತಾರ, ಮಾತಾಡ್ತೇನಿ."

"ನಮ್ಮ ಮನ್ಯಾಗ ಏನ ಕಮ್ಮಿ ಆಗಿತ್ತವ್ವಾ?"

"ಕಮ್ಮಿ ಅಂತ ಯಾರ ಅಂದ್ರು? ನಿಮ್ಮ ಮನ್ಯಾಗ ಎಲ್ಲಾ ಐತಿ. ಹೊರಗ ಕುಂಡ್ರಾಕ ಜಾಗಾ ಇಲ್ಲ, ಅಷ್ಟ."

ಮುಂದಿನ ಭಾನುವಾರ ಅವ್ವನನ್ನು ಕರೆತರುವ ನೆಪದಲ್ಲಿ ಖಾನಾಪುರಕ್ಕೆ ಹೋದೆ. ನಿಜವಾಗಿ ಹೋದದ್ದು ಹಂದರ ನೋಡಲು. ಕೆಡವಿದ ಯಾವುದೋ ಹಳೆಯ ಮನೆಯ ಮತ್ತಿ ಮರದ ತೊಲೆಗಳನ್ನು ತಂದು, ಕೆತ್ತಿ, ಎಣ್ಣೆ ಹಚ್ಚಿ ಕಂಬ ಮಾಡಿದ್ದಳು. ಹಿತ್ತಲಲ್ಲಿ ಮೊದಲೇ ಇದ್ದ ಕಾಂಕ್ರೀಟ್ ನೆಲದ ಮೇಲೆಯೇ ಅವು ನಿಂತಿದ್ದವು. ಒಂದೊಂದು ಕಂಬದ ಬುಡವೂ ಕಬ್ಬಿಣದ ಪಾದದಲ್ಲಿ ಕೂತಿತ್ತು. ಪಾದಕ್ಕೆ ನಾಲ್ಕು ನಾಲ್ಕು ದಪ್ಪ ಬೋಲ್ಟು. ನೀರು ನಿಂತು ಕಟ್ಟಿಗೆ ಕೊಳೆಯಬಾರದೆಂದು ಬುಡವನ್ನು ನೆಲದಿಂದ ಒಂದು ಬೆರಳು ಮೇಲೆತ್ತಿದ್ದಳು.

"ನಾನ ಹಾಕಿದ್ನೆಕ್ಕಾ," ಅಂದಳು. "ಕಂಬಾ ಎತ್ತಾಕ ಅಷ್ಟ ಇಬ್ಬರನ್ನ ಕರದಿದ್ನಿ."

ತಾಲೂಕು ಕಚೇರಿಯಲ್ಲಿ ಕೆಲಸ ಮಾಡುವ ಅವಳ ಗಂಡ ಬಾಗಿಲಲ್ಲಿ ನಿಂತು, ತಾನೇ ಮಾಡಿದಷ್ಟು ಹೆಮ್ಮೆಯಿಂದ ನಗುತ್ತಿದ್ದ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, ತನಗೂ ಇಂಥದೇ ಮಾಂಡವ ಹಾಕಿಕೊಡಬೇಕೆಂದು ಮರಾಠಿಯಲ್ಲಿ ಕೇಳಿದಳು. ತಂಗಿಯೂ ಮರಾಠಿಯಲ್ಲೇ 'ಆಗಲಿ' ಎಂದಳು. ಅವ್ವ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಸುತ್ತ ಒಂದು ಸುತ್ತು ಹಾಕಿ ಊನ ಹುಡುಕಿದೆ. ಸಿಗಲಿಲ್ಲ.

"ಬಳ್ಳಿಗೆ ಹುಳಾ ಬರ್ತಾವ ನೋಡು," ಅಂದೆ.

ಅವ್ವ ಬರಲಿಲ್ಲ. ಒಬ್ಬಳೇ ಮನೆಗೆ ಬಂದವಳೇ ನಮ್ಮ ಹಿತ್ತಲ ಬಾಗಿಲು ತೆರೆದು ನಿಂತೆ. ಮನೆ ಕಟ್ಟಿಸುವಾಗ ಬಟ್ಟೆ ಒಣಹಾಕಲೆಂದು ಹಾಕಿಸಿದ ಕಾಂಕ್ರೀಟ್ ನೆಲ ನಮ್ಮಲ್ಲೂ ಇತ್ತು. ನಾವು ಅದನ್ನು ಕೋಬಾ ಅನ್ನುತ್ತೇವೆ, ಅದರಾಚೆ ಸಣ್ಣ ತೋಟ. ಅಳೆದೆ. ತಂಗಿಯದಕ್ಕಿಂತ ದೊಡ್ಡದು. ಅವಳದು ಹಳೆಯ ಮತ್ತಿ, ನನ್ನದು ಹೊಸ ಸಾಗುವಾನಿ ಆಗಬೇಕು. ಅವಳದಕ್ಕಿಂತ ಒಂದು ಅಡಿ ಎತ್ತರವಿರಬೇಕು. ಅವಳು ಹಂದರ ಅನ್ನುತ್ತಾಳೆ, ನಾನು ಪರ್ಗೋಲಾ ಅನ್ನುವೆ. ಹೀಗೆಲ್ಲ ಯೋಚಿಸಿದವಳು ಎಂಟನೆಯ ತರಗತಿಯ ಹುಡುಗಿಯಲ್ಲ, ನಾನೇ.

"ನಿನ್ನ ತಂಗೀನ ಒಂದ ಮಾತ ಕೇಳಬಾರದೇನು?" ಅಂದರು ನಮ್ಮ ಮನೆಯವರು.

"ಯಾಕ್ರಿ? ಬೆಳಗಾವ್ಯಾಗ ಮತ್ತ್ಯಾರೂ ಇಲ್ಲೇನ?"

ಅಂಗಡಿಗಳ ಮುಂದೆ ತಗಡಿನ ನೆರಳು ಕೂಡಿಸುವ ಒಬ್ಬನನ್ನು ಕರೆಸಿದೆ. ಅವನು ನೆಲ ನೋಡಿ, "ಅರ್ಧಾ ದಿನದ ಕೆಲಸ ಬಾಯಾರ. ಕಂಬದ ಬುಡಕ್ಕ ಒಂದೊಂದ ಮೂಲಿಪಟ್ಟಿ, ಪಟ್ಟಿಗೆ ಎರಡೆರಡ ಸ್ಕ್ರೂ. ಮುಗೀತು," ಅಂದ. ಕಂಬಗಳನ್ನು ಎಲ್ಲಿ ನಿಲ್ಲಿಸಲಿ ಎಂದು ಕೇಳಿದಾಗ ನಾನು ಕೋಬಾದ ತುತ್ತತುದಿಯನ್ನು ತೋರಿಸಿದೆ.

"ಅಷ್ಟ ಅಂಚಿಗೆ ಬ್ಯಾಡ್ರಿ. ಒಡೀತೈತಿ."

"ಇಲ್ರೀ, ನನಗ ಪೂರಾ ಅಗಲ ಬೇಕು."

ಅವನು ಹೇಳುವುದು ಹೇಳಿಯಾಯಿತು ಎನ್ನುವಂತೆ ಡ್ರಿಲ್ ಹಿಡಿದ. ತೋಟದ ಕಡೆಯ ಎರಡನೆಯ ಕಂಬಕ್ಕೆ ರಂಧ್ರ ಕೊರೆಯುವಾಗ ಟಪ್ಪೆಂದು ಸಪ್ಪಳವಾಯಿತು. ರಂಧ್ರದಿಂದ ಅಂಚಿನವರೆಗೆ ಕೂದಲೆಳೆಯಂಥ ಒಂದು ಬಿರುಕು ಓಡಿತು. ಅವನು ನನ್ನ ಮುಖ ನೋಡಿದ. ಅವನು ಸಿಮೆಂಟು ಕಲಸಿ ಸವರಿದ. "ಈಗ ಕಾಣೂದಿಲ್ಲ ತಗೋರಿ," ಅಂದ. ಬಳ್ಳಿ ಹಬ್ಬುವವರೆಗೆ ನೆರಳಿಗೆಂದು ಮೇಲೆ ಹಸಿರು ಜಾಲರಿ ಬಟ್ಟೆಯನ್ನೂ ಬಿಗಿದ. ಅವನು ಹೋದ ಮೇಲೆ ನಾನು ಒಂದು ಕ್ರೋಟನ್ ಕುಂಡ ತಂದು ಅದರ ಮೇಲಿಟ್ಟೆ. ಆಮೇಲೆ ಫೋಟೊ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಬಂದ ಕೆಂಪು ಹೃದಯಗಳನ್ನು ಎಣಿಸಿದೆ. ತಂಗಿ ಹಾಕಿದ್ದ ಹಂದರದ ಫೋಟೊಗೆ ಬಂದದ್ದಕ್ಕಿಂತ ನಾಲ್ಕು ಕಡಿಮೆ.

ಅಷ್ಟಕ್ಕೆ ಬಿಡದೆ ಮೇ ತಿಂಗಳ ಒಂದು ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದೆ. ತಂಗಿ ಮತ್ತು ಅವಳ ಗಂಡ ಅವ್ವನನ್ನು ಕರೆದುಕೊಂಡು ಬಂದರು. ಶಹಾಪುರದಿಂದ ಚಿಗವ್ವ ಬಂದಳು. ಹೋಳಿಗೆ, ಮಾವಿನ ಹಣ್ಣಿನ ಶೀಕರಣಿ, ಕಟ್ಟಿನ ಸಾರು. ಅವ್ವನ ಕುರ್ಚಿಯನ್ನು ಪರ್ಗೋಲಾದ ನಟ್ಟನಡುವೆ ಹಾಕಿದೆ.

ತಂಗಿ ಬಂದವಳು ಮೊದಲು ಮೇಲೆ ನೋಡಿದಳು. "ಕಟಿಗಿ ಭಾಳ ಛಲೋ ಐತೆಕ್ಕಾ," ಅಂದಳು. ನನಗೆ ಹಿಗ್ಗಾಯಿತು. ಆಮೇಲೆ ಅವಳು ಒಂದೊಂದೇ ಕಂಬದ ಬುಡಕ್ಕೆ ಬಂದು ಬಗ್ಗಿದಳು. ಕ್ರೋಟನ್ ಕುಂಡದ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಕುಂಡವನ್ನು ಸರಿಸಿ ನೋಡಿ, ಮತ್ತೆ ಇದ್ದಲ್ಲೇ ಇಟ್ಟಳು. ಅದು ನನಗೆ ಬೈದದ್ದಕ್ಕಿಂತ ಹೆಚ್ಚಾಯಿತು.

ಊಟವಾಗಿ ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತು. ಗಾಳಿ ಎದ್ದು ತಂತಿಯ ಮೇಲಿನ ಟವೆಲು ಹಾರಿತು. ತಂಗಿ ಎದ್ದು ನಿಂತಳು.

"ಅವ್ವಾ, ಏಳು. ಒಳಗ ಹೋಗೂಣು."

"ಇರಲಿ ಬಿಡ," ನಾನಂದೆ. "ಮಳಿ ಇನ್ನೂ ಬಂದಿಲ್ಲ. ಆರಾಮ ಕುಂತಾಳ."

"ಏಳವ್ವಾ," ಅಂದಳು ಮತ್ತೆ. ಈ ಸಲ ಅವಳ ದನಿ ಬೇರೆಯಾಗಿತ್ತು. ಅವ್ವ ಗಾಬರಿಯಾಗಿ ಎದ್ದೇಬಿಟ್ಟಳು. ನನ್ನ ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

"ನನ್ನ ಮನ್ಯಾಗ ಅವ್ವ ಒಂದ ತಾಸು ನೆರಳಿಗೆ ಕುಂತರ ನಿನಗ ತಡಕೊಳ್ಳಾಕ ಆಗವಲ್ದೇನ?"

ಗಂಡಸರಿಬ್ಬರೂ ಎದ್ದು ಒಳಗೆ ನಡೆದರು. ತಂಗಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಕೈಯಲ್ಲಿ ಅವ್ವನ ರಟ್ಟೆ, ಇನ್ನೊಂದರಲ್ಲಿ ಚಿಗವ್ವನ ಸೆರಗು ಹಿಡಿದು ನಡೆಸಿಕೊಂಡು ಹೋದಳು. ಬೈದ ಸಿಟ್ಟಿನಲ್ಲೇ ನಾನೂ ಅವರ ಹಿಂದೆ ಬಂದೆ. ನಾವು ಹೊಸ್ತಿಲು ದಾಟಿದ್ದಷ್ಟೇ.

ಗಾಳಿ ಯಾವುದನ್ನಾದರೂ ತಳ್ಳಿ ಬೀಳಿಸುತ್ತದೆ ಎಂದಷ್ಟೇ ತಿಳಿದಿದ್ದೆ. ಅದು ತಳ್ಳಲಿಲ್ಲ, ಎತ್ತಿತು. ತೋಟದ ಕಡೆಯ ಕಂಬ ನೆಲ ಬಿಟ್ಟು ಮೇಲೇಳುವುದನ್ನು ನಾನು ಕಣ್ಣಾರೆ ಕಂಡೆ. ಅದರ ಬುಡದ ಪಟ್ಟಿಗೆ ಅಂಗೈ ಅಗಲದ ಕಾಂಕ್ರೀಟ್ ಚೂರು ಕಚ್ಚಿಕೊಂಡೇ ಇತ್ತು. ಪಕ್ಕದ್ದೂ ಎದ್ದಿತು. ಮನೆಯ ಕಡೆಯ ಸ್ಕ್ರೂಗಳು ಪಟಪಟನೆ ಕಿತ್ತವು. ಇಡೀ ಸಾಗುವಾನಿ ಒಂದು ಕ್ಷಣ ಓರೆಯಾಗಿ ನಿಂತು, ಅವ್ವ ಈಗಷ್ಟೇ ಬಿಟ್ಟೆದ್ದ ಕುರ್ಚಿಯ ಮೇಲೆ ಕುಸಿಯಿತು. ಕುರ್ಚಿಯ ಬೆನ್ನು ಎರಡು ಹೋಳಾಯಿತು. ಚಿಗವ್ವ "ಬಸವಾ, ಬಸವಾ" ಎನ್ನುತ್ತ ಅಲ್ಲೇ ಕೂತಳು.

ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅವ್ವನಿಗೆ ಏನಾಗುತ್ತಿತ್ತೋ ಎಂಬ ನಡುಕ ಇತ್ತು, ನಾಚಿಕೆಯೂ ಇತ್ತು. ಆದರೆ ಅವೆರಡರ ಅಡಿಯಲ್ಲಿ ಇನ್ನೊಂದು ಇತ್ತು. ಅವ್ವನನ್ನು ಉಳಿಸಿದವಳೂ ಅವಳೇ ಆದಳಲ್ಲ ಎಂಬ ಉರಿ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಇದ್ದದ್ದು ಇದ್ದ ಹಾಗೆ. ನಮ್ಮಲ್ಲೇ ಉಳಿದ ಅವ್ವ ಮುಂದೆ ಎಂಟು ದಿನ ಫೋನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ಸಣ್ಣಾಕಿ ಇದ್ದಳಂತ ನಾ ಉಳದ್ನಿ," ಎಂದು ಹೇಳಿದಳು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿದೆ.

ನಾಲ್ಕನೆಯ ದಿನ ತಂಗಿಯೇ ಫೋನ್ ಮಾಡಿದಳು. ನಾನಾಡಿದ ಮಾತಿನ ಸುದ್ದಿ ಎತ್ತಲಿಲ್ಲ.

"ಅಕ್ಕಾ, ಕಟಿಗಿ ಒಡದಾವೇನ?"

"ಒಂದ ಪಟ್ಟಿ ಸೀಳೇತಿ. ಉಳಿದಾವು ಛಲೋ ಅದಾವು."

"ಹಂಗಾರ ನಿಲ್ಲಸೂಣು. ನಿನಗ ಸಾಲಿ ಸೂಟಿ ಐತೆಲಾ? ಶುಕ್ರವಾರ ಬರ್ತೇನಿ."

ಬೇಡ ಅನ್ನಬೇಕೆಂದಿದ್ದೆ. "ಬಾ," ಅಂದೆ.

ಅವಳು ಡ್ರಿಲ್ ಮಷೀನಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಬಂದಳು. ಇಬ್ಬರೂ ಮೊದಲು ರವಿವಾರ ಪೇಟೆಗೆ ಹೋದೆವು. ಅಂಗಡಿಯವರು ಅವಳ ಜೊತೆ ಸರೀಕನ ಜೊತೆ ಮಾತಾಡುವ ಹಾಗೆ ಮಾತಾಡಿದರು. ಯಾವ ದಪ್ಪ, ಎಷ್ಟು ಆಳ, ಹೊರಗಿನ ಮಳೆಗೆ ತುಕ್ಕು ಹಿಡಿಯದ್ದು ಯಾವುದು, ಎಲ್ಲ ಅವಳಿಗೆ ಗೊತ್ತಿತ್ತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಚೀಲ ಹಿಡಿದು ನಿಂತಿದ್ದೆ. ಬರುವಾಗ ರಿಕ್ಷಾದಲ್ಲಿ ಅವಳು ಒಂದು ಬೋಲ್ಟನ್ನು ನನ್ನ ಕೈಗಿಟ್ಟಳು. ಕಿರುಬೆರಳಿನ ದಪ್ಪ, ತುದಿಯಲ್ಲಿ ಒಂದು ಸೀಳು ಬಳೆ. ಮೇಲೆ ನಟ್ಟು ಬಿಗಿದಷ್ಟೂ ಆ ಬಳೆ ಕಾಂಕ್ರೀಟಿನೊಳಗೆ ಅರಳಿ ಹಿಡಿದುಕೊಳ್ಳುತ್ತದಂತೆ.

"ಕಂಬದ ಭಾರ ಏನ ದೊಡ್ಡದಲ್ಲಕ್ಕಾ," ಅಂದಳು. "ಗಾಳಿ ಮ್ಯಾಲ ಜಗ್ಗತೈತಿ, ಅದನ್ನ ಹಿಡದ ಇಡಬೇಕು."

ಮನೆಗೆ ಬಂದು ಕೋಬಾದಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಕೊಕ್ಕೆಯಂತೆ ಬಾಗಿಸಿದ ತಂತಿ ಇಳಿಸಿ ದಪ್ಪ ಅಳೆದಳು. ಮನೆಯ ಕಡೆ ನಾಲ್ಕು ಇಂಚು ಇತ್ತು. ತೋಟದ ಕಡೆ ಎರಡು ಇಂಚೂ ಇರಲಿಲ್ಲ, ಅಡಿಯ ಮಣ್ಣೂ ಕುಸಿದಿತ್ತು. ಹದಿನೈದು ವರ್ಷ ನಾನು ಅದರ ಮೇಲೆ ಓಡಾಡಿದ್ದೆ, ನನಗೆ ತಿಳಿದಿರಲಿಲ್ಲ. ಮನೆಯ ಕಡೆಯ ಕಂಬಗಳಿಗೆ ಬೋಲ್ಟು ಸಾಕು, ತೋಟದ ಕಡೆಯವನ್ನು ಅಂಚಿನಿಂದ ಒಳಗೆ ತಂದು, ನೆಲವನ್ನು ಚೌಕವಾಗಿ ಕತ್ತರಿಸಿ, ಮೊಣಕಾಲುದ್ದ ಗುಂಡಿ ತೋಡಿ ಹೊಸ ಕಾಂಕ್ರೀಟಿನಲ್ಲಿ ಪಾದ ಹುಗಿಯಬೇಕು ಎಂದಳು. ನಮ್ಮ ಮನೆಯವರು ಗುಂಡಿ ತೋಡಿದರು. ಕಾಂಕ್ರೀಟು ಸುರಿದಾಯಿತು. "ವಾರ ತನಕ ದಿನಾ ನೀರ ಹಾಕ," ಎಂದು ಹೇಳಿ ಅವಳು ಊರಿಗೆ ಹೋದಳು. ನಾನು ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕಿದೆ. ಅಂಚಿನಿಂದ ಒಳಗೆ ಬಂದದ್ದರಿಂದ ನನ್ನ ಪರ್ಗೋಲಾ ಈಗ ಅವಳದಕ್ಕಿಂತ ಚಿಕ್ಕದಾಗುತ್ತದೆ ಎಂಬ ಲೆಕ್ಕ ಆಗಲೂ ತಲೆಯಲ್ಲಿತ್ತು.

ಮುಂದಿನ ಶುಕ್ರವಾರ ಅವಳು ಬಂದು ಮನೆಯ ಕಡೆಯ ಮೊದಲ ಕಂಬಕ್ಕೆ ರಂಧ್ರ ಕೊರೆಯಲು ಶುರುಮಾಡಿದಳು. ಎಡಗಾಲು ಮುಂದೆ, ಮೊಣಕೈ ಹೊಟ್ಟೆಗೆ ಒತ್ತಿ, ಕೆಳತುಟಿ ಕಚ್ಚಿ. ಆ ನಿಲುವು ಅಪ್ಪನದು. ಅಪ್ಪ ಶಹಾಪುರದಲ್ಲಿ ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದ. ಬೆಳಿಗ್ಗೆ ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ತಂಗಿಯನ್ನು ಕೂರಿಸಿಕೊಂಡು, ಅವಳ ಕೈಗೆ ನಟ್ಟು ಬಿಗಿಯುವ ಪಾನಾ ಕೊಟ್ಟು ಹೋಗುತ್ತಿದ್ದ. ನನಗೆ "ನೀ ಓದು" ಎನ್ನುತ್ತಿದ್ದ. ನಾನು ಕಿಟಕಿಯಲ್ಲಿ ಪುಸ್ತಕ ಹಿಡಿದು, ಸೈಕಲ್ಲು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದೆ. ನನ್ನ ಹೊಟ್ಟೆಯುರಿ ಹಂದರದಿಂದ ಶುರುವಾದದ್ದಲ್ಲ ಎಂದು ಆಗ ಹೊಳೆಯಿತು.

ಅವಳು ಡ್ರಿಲ್ ನಿಲ್ಲಿಸಿದಾಗ ಕೇಳಿಯೇಬಿಟ್ಟೆ. "ಅಪ್ಪ ನಿನ್ನಷ್ಟ ಯಾಕ ಕರಕೊಂಡ ಹೋಗತಿದ್ದ? ನನ್ನ ಯಾಕ ಒಮ್ಮೆನೂ ಕರೀಲಿಲ್ಲ?"

ಅವಳು ಹಣೆಯ ಬೆವರು ಒರೆಸಿಕೊಂಡು ನನ್ನನ್ನು ನೋಡಿದಳು. ಅಣಕ ಇರಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟಿದ್ದಳು.

"ನೀ ಬರ್ತೇನಿ ಅಂತ ಒಮ್ಮೆರೆ ಅಂದಿದ್ದೇನಕ್ಕಾ? ನಾ ದಿನಾ ಅಳತಿದ್ನಿ, ಅದಕ್ಕ ಕರಕೊಂಡ ಹೋಗತಿದ್ದ. ನಿನಗ ಮಗ್ಗದ ಸಪ್ಪಳಾನ ಆಗತಿರಲಿಲ್ಲ. ಕಿವಿ ಮುಚ್ಚಿಕೊಂಡ ಒಳಗ ಓಡತಿದ್ದಿ."

ನೆನಪು ಮಾಡಿಕೊಂಡೆ. ಬರುತ್ತೇನೆಂದು ನಾನು ಒಂದು ದಿನವೂ ಅಂದಿರಲಿಲ್ಲ. ಕರೆಯಲಿ ಎಂದು ಕಾದಿದ್ದೆ, ಅಷ್ಟೇ.

ಅವಳು ಡ್ರಿಲ್ಲನ್ನು ನನ್ನ ಕಡೆ ಚಾಚಿದಳು. "ತಗೋ. ಈ ಬಾಜುಕಿನ ಕಂಬ ನೀ ಮಾಡು."

ಮಷೀನು ನಾನೆಣಿಸಿದ್ದಕ್ಕಿಂತ ಭಾರವಿತ್ತು. ಗುಂಡಿ ಒತ್ತಿದೊಡನೆ ಹಲ್ಲು, ಕನ್ನಡಕ, ಭುಜ ಎಲ್ಲ ಅದುರಿದವು. ಉಗುರಿನಷ್ಟು ಆಳ ಹೋಗುವುದರೊಳಗೆ ಅವಳು ತಡೆದಳು.

"ಓರೆ ಹೊಂಟೇತಿ. ಗಣಿತದ ಟೀಚರಾಗಿ ಕಾಟಕೋನ ತಪ್ಪಿಸ್ತಿಯಲ್ಲ!"

ಇಬ್ಬರಿಗೂ ನಗು ಬಂತು. ಅವಳು ಬಡಿಗರ ಮೂಲೆಮಟ್ಟವನ್ನು ಪಕ್ಕದಲ್ಲಿ ನಿಲ್ಲಿಸಿ ಹಿಡಿದಳು. ಅದನ್ನು ನೋಡುತ್ತ ಲಂಬಕೋನ ತಪ್ಪದಂತೆ ನೇರವಾಗಿ ಇಳಿಸಿದೆ. ನಾಲ್ಕು ರಂಧ್ರ. ಸೈಕಲ್ ಪಂಪಿನಿಂದ ಒಳಗಿನ ಧೂಳೆಲ್ಲ ಊದಿ ತೆಗೆದೆವು. ಧೂಳು ಉಳಿದರೆ ಬೋಲ್ಟು ಹಿಡಿಯುವುದಿಲ್ಲವಂತೆ. ಪಾದ ಇಟ್ಟು, ಬೋಲ್ಟು ಬಡಿದು, ಪಾನಾದಿಂದ ಬಿಗಿದೆ. ಇನ್ನೂ ಬಿಗಿಯಲು ಹೋದೆ.

"ಸಾಕು," ಅಂದಳು. "ಹಿಡಕೊಂಡ ಮ್ಯಾಲೂ ತಿರುವಿದ್ರ ಅದ ಒಡೀತೈತಿ."

ಸಂಜೆಯೊಳಗೆ ನಾಲ್ಕೂ ಕಂಬ ನಿಂತವು. ಜೂನಿನ ಮೊದಲ ಗಾಳಿಮಳೆಗೆ ನಾನು ಕಿಟಕಿಯಲ್ಲಿ ನಿಂತು ಕಂಬಗಳ ಬುಡವನ್ನೇ ನೋಡಿದೆ. ಮೇಲಿನ ಪಟ್ಟಿಗಳು ಕಿರುಗುಟ್ಟಿದವು. ಬುಡ ಅಲುಗಲಿಲ್ಲ.

ಮಳೆ ಹೊಳವಾದ ಒಂದು ಬೆಳಿಗ್ಗೆ ಅವ್ವ ಹಂದರದ ಕೆಳಗೆ ಕೂತಿದ್ದಾಗ ಪಕ್ಕದ ಮನೆಯ ನಿವೃತ್ತ ಇಂಜಿನಿಯರರು ಬಂದು, "ಭಾಳ ಗಟ್ಟಿ ನಿಂತೈತಲ್ರಿ. ಯಾರ ಮಾಡಿದ್ರಿ?" ಎಂದು ಕೇಳಿದರು.

"ನಮ್ಮ ಸಣ್ಣ ಮಗಳ್ರಿ," ಅಂದಳು ಅವ್ವ.

ಮತ್ತೆ ಅದೇ ಉರಿ. ಹೋಗಿರಲಿಲ್ಲ, ಅಲ್ಲೇ ಇತ್ತು. ಚಹಾದ ಕಪ್ಪು ಕೊಡುತ್ತ, "ಒಂದ ಕಂಬ ನಂದೈತ್ರಿ," ಅಂದೆ. ನನ್ನ ದನಿ ನನಗೇ ಮಕ್ಕಳ ದನಿಯ ಹಾಗೆ ಕೇಳಿಸಿತು. ಯಾವುದೆಂದು ಅವರು ಕೇಳಿದರು, ತೋರಿಸಿದೆ. ಅವರು ಬಗ್ಗಿ ನಟ್ಟುಗಳನ್ನು ಮುಟ್ಟಿ ನೋಡಿ, ಕಂಬವನ್ನು ಎರಡೂ ಕೈಯಿಂದ ಅಲುಗಿಸಲು ನೋಡಿ, "ಇದೂ ಗಟ್ಟಿ ಐತ್ರಿ," ಅಂದರು.

ಅವರು ಹೋದ ಮೇಲೆ ಅವ್ವ ತನ್ನ ಕಪ್ಪು ಕೆಳಗಿಟ್ಟಳು. ಆಮೇಲೆ, "ನನ್ನ ಕುರ್ಚಿ ಆ ನಿನ್ನ ಕಂಬದ ಕಡೆ ಸರಸು. ಅಲ್ಲೆ ನೆರಳ ಛಲೋ ಬಿದ್ದೈತಿ," ಅಂದಳು. ನೆರಳಿಗೆಂದೇ ಹೇಳಿದ್ದಿರಬಹುದು. ನಾನು ಕೇಳಲಿಲ್ಲ. ಕುರ್ಚಿ ಸರಿಸಿದೆ.