ಆಲಿಸ್ ಟೀಚರ್ ಮತ್ತು ರಂಪಣಿಯ ಹಗ್ಗ

ಆಲಿಸ್ ಡ್ರಿಲ್ ಟೀಚರ್ ಆದದ್ದು ಯಾರ ಪುಣ್ಯದಿಂದ ಎಂದು ಕೇಳಿದರೆ ನಾನು ನಮ್ಮ ಹೆಡ್ಮಾಸ್ಟ್ರ ಸೋಮಾರಿತನದಿಂದ ಎಂದೇ ಹೇಳುವವಳು. ಕಾಪುವಿನ ನಮ್ಮ ಎಲಿಮೆಂಟರಿ ಶಾಲೆಗೆ ಅವಳು ಬಂದದ್ದು ಹೊಲಿಗೆ ಕಲಿಸಲು. ಕಟಪಾಡಿಯ ಕ್ರಿಶ್ಚನ್ ಹುಡುಗಿ. ಅಪ್ಪ ಇಲ್ಲ, ತಾಯಿ, ತಂಗಿಯರು ಇವಳ ಸಂಬಳವನ್ನೇ ನಂಬಿದವರು. ದಿನಾ ಬೆಳಿಗ್ಗೆ ಬಸ್ಸಿನಿಂದ ಇಳಿದು ಕೊಡೆ, ಬುತ್ತಿ, ಹೊಲಿಗೆಯ ಚೀಲ ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದಳು. ಮೊದಲಿದ್ದ ಡ್ರಿಲ್ ಮಾಸ್ಟ್ರು ಮುಂಬಯಿಗೆ ಹೋದಾಗ ಆ ಪೀರಿಯಡ್ಡನ್ನು ಯಾರ ತಲೆಗೆ ಕಟ್ಟುವುದೆಂದು ಹೆಡ್ಮಾಸ್ಟ್ರು ಸುತ್ತ ನೋಡಿದರು. ಮೊದಲು ನನ್ನ ಕಡೆ ನೋಡಿದರು. ನಾನು ಹೇಗೆ ತಿರುಗಿ ನೋಡಿದೆನೋ ಏನೋ, ಅವರ ಕಣ್ಣು ಕೂಡಲೇ ಪಕ್ಕದಲ್ಲಿದ್ದ ಆಲಿಸಳ ಮೇಲೆ ಬಿತ್ತು. ಹೊಸಬಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗುವುದಿಲ್ಲ ಎನ್ನಲು ಅವಳಿಗೆ ಧೈರ್ಯ ಎಲ್ಲಿಂದ ಬರಬೇಕು?

ಅವಳಿಗೆ ಡ್ರಿಲ್ಲಿನ ಗಂಧಗಾಳಿ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕಿಳಿದ ಮೊದಲ ದಿನ ಪೇಟೆಯ ಅಂಗಡಿಯವರೆಲ್ಲ ಬೇಲಿಯ ಹತ್ತಿರ ಬಂದು ನಿಂತಿದ್ದರು. ಅವಳು ಕ್ಯಾರೇ ಅನ್ನಲಿಲ್ಲ. ಸಾಲಾಗಿ ನಿಲ್ಲಿಸಿ ಕೈ ಮೇಲೆ ಕೈ ಕೆಳಗೆ ಮಾಡಿಸುವುದು ಒಂದು ವಾರಕ್ಕೇ ಅವಳಿಗೆ ಬೇಸರ ತಂದಿತು. ಆಮೇಲೆ ಮಕ್ಕಳನ್ನು ಕಪ್ಪೆಯ ಹಾಗೆ ಹಾರಿಸಿದಳು, ಒಂಟಿಕಾಲಲ್ಲಿ ಕುಂಟಿಸಿದಳು, ಒಬ್ಬರನ್ನು ಇನ್ನೊಬ್ಬರ ಬೆನ್ನ ಮೇಲೆ ಹೊರಿಸಿ ಓಡಿಸಿದಳು.

"ಇದು ಡ್ರಿಲ್ಲಾ, ಕೋತಿಯಾಟವಾ?" ಎಂದು ನಾನು ಕೇಳಿದೆ.

"ಸರಸಕ್ಕ, ನಾನು ಹೊಲಿಗೆಯವಳು. ಕೂತು ಕೂತು ಬೆನ್ನು ಎಂತ ಆಗ್ತದೆ ಅಂತ ನನಗೆ ಗೊತ್ತುಂಟು. ಈ ಮಕ್ಕಳು ಶಾಲೆಯಲ್ಲಿ ಕೂತ್ಕೊಳ್ತಾರೆ, ಮನೆಗೆ ಹೋಗಿಯೂ ಕೂತ್ಕೊಳ್ತಾರೆ. ಮೈ ಇರುವುದು ಎಂತಕ್ಕೆ ಹಾಗಾದರೆ?"

ಮಾತು ಸರಿಯೇ. ಆದರೆ ಅಂಗಳದ ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳಿಸುವವಳು ನಾನು. ಗದ್ದಲ ಎಂದರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಹದಿನಾರರ ಮಗ್ಗಿಯ ನಡುವೆ ಹೊರಗಿನಿಂದ 'ಹೋ' ಎಂದು ಕೂಗು ಬಂದರೆ ನನ್ನ ಮಕ್ಕಳ ಕಿವಿಯೆಲ್ಲ ಕಿಟಕಿಯಾಚೆ. ಒಂದು ದಿನ ತಡೆಯಲಾರದೆ, "ಮಾರಾಯ್ತಿ, ಅಷ್ಟು ದೊಡ್ಡ ಕಡಲು ಬಿದ್ದುಕೊಂಡು ಉಂಟು, ಅಲ್ಲಿಗೆ ಕರ್ಕೊಂಡು ಹೋಗಿ ಕುಣಿಸು" ಎಂದುಬಿಟ್ಟೆ. ನಾನು ಹೇಳಿದ್ದು ಕೋಪಕ್ಕೆ. ಅವಳು ಹೆಡ್ಮಾಸ್ಟ್ರ ಹತ್ತಿರ ಹೋಗಿ ಒಪ್ಪಿಗೆಯನ್ನೇ ತಂದಳು. ಅಂದಿನಿಂದ ಶುಕ್ರವಾರದ ಕೊನೆಯ ಪೀರಿಯಡ್ಡು ಕಡಲ ಬದಿಯಲ್ಲಿ.

ಡ್ರಿಲ್ಲಿಗೆ ಸೇರದ ಮಗು ಎಂದರೆ ಐದನೆಯ ಕ್ಲಾಸಿನ ವೇದವತಿ ಒಬ್ಬಳೇ. ನಮ್ಮ ಶಾಲೆಯ ಮೆನೇಜರ್ ವಾದಿರಾಜ ಉಪಾಧ್ಯರ ಮೊಮ್ಮಗಳು. ಅವಳ ತಾಯಿ, ಎಂದರೆ ಉಪಾಧ್ಯರ ಮಗಳು, ಎದೆಯ ಕ್ಷಯದಲ್ಲಿ ತೀರಿಹೋಗಿದ್ದರು. ಅಂದಿನಿಂದ ಅಜ್ಜ ಅಜ್ಜಿ ಆ ಹುಡುಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಓಡಬಾರದು, ಹಾರಬಾರದು, ಬೆವರಬಾರದು. ಕೆಮ್ಮಿದರೆ ಮನೆಯಿಡೀ ಮೌನ. ಮಗುವಿಗೂ ತಾಯಿಯ ಕಾಯಿಲೆಯೇ ಇರಬಹುದೆಂದು ಊರಿನವರೂ ಪಿಸುಗುಡುತ್ತಿದ್ದರು. ಕಡ್ಡಿಯಂಥ ಹುಡುಗಿ, ಅನ್ನ ಸೇರುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿದರೆ ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆಯಲ್ಲಿ ಅವರು ತೋರಿಸಿಯೇ ಇರಲಿಲ್ಲ. ಆ ಹೆದರಿಕೆ ಎಂಥದೆಂದು ನನಗೆ ಅರ್ಥವಾಗುತ್ತದೆ, ಆದರೂ ಸಿಟ್ಟು ಬರುತ್ತದೆ.

ಕಡಲ ಬದಿಗೆ ಹೋದಾಗ ವೇದವತಿಯನ್ನು ಶಾಲೆಯಲ್ಲಿ ಒಬ್ಬಳೇ ಬಿಡುವ ಹಾಗಿಲ್ಲ. ಅವಳೂ ಹೋಗುತ್ತಿದ್ದಳು. ಕವುಚಿ ಹಾಕಿದ ದೋಣಿಯ ನೆರಳಲ್ಲಿ ಕುಳಿತು ಎಲ್ಲರ ಕೊಡೆ, ಚೀಲ ಕಾಯುವುದು ಅವಳ ಕೆಲಸ.

ಅರವತ್ತಮೂರರ ನವೆಂಬರಿನ ಆ ಶುಕ್ರವಾರ ನಾನು ಅಲ್ಲಿರಲಿಲ್ಲ. ಆದರೆ ಆಲಿಸ್ ಅದನ್ನು ಎಷ್ಟು ಸಲ ಹೇಳಿದ್ದಾಳೆಂದರೆ ಈಗ ನಾನೇ ಹಗ್ಗ ಎಳೆದ ಹಾಗೆ ಅಂಗೈ ಉರಿಯುತ್ತದೆ. ದಡದ ಹತ್ತಿರ ಬಂಗುಡೆ ಮೀನಿನ ದೊಡ್ಡ ಹಿಂಡು ಬಂದಿತ್ತು. ಮೀನುಗಾರರ ಮುಖಂಡ ಅಂಗಾರ ದೋಣಿಯಲ್ಲಿ ಸುತ್ತು ಹಾಕಿ ರಂಪಣಿ ಬಲೆ ಬಿಡಿಸಿಯಾಗಿತ್ತು. ಆ ಬಲೆ ಒಂದು ಊರನ್ನೇ ಸುತ್ತುವಷ್ಟು ಉದ್ದ. ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಜನ ಎಳೆಯಬೇಕು. ಎಳೆಯುವ ಅರ್ಧ ಜನ ಅಂದು ಹೂಡೆಯಲ್ಲಿ ಮದುವೆಯೂಟಕ್ಕೆ ಕುಳಿತಿದ್ದರು. ಬಲೆ ಅಲ್ಲೇ ನಿಂತಿತು. ಇನ್ನು ಸ್ವಲ್ಪ ಹೊತ್ತಾದರೆ ಮೀನೆಲ್ಲ ಜಾರಿಕೊಳ್ಳುವುದು ಖಂಡಿತ.

"ಬಾಯಿ, ನಿಮ್ಮ ಮಕ್ಕಳು ಸುಮ್ಮನೆ ಓಡ್ತಾ ಉಂಟಲ್ಲ, ಒಂದು ಕೈ ಹಾಕಲಿಕ್ಕೆ ಹೇಳಿ!" ಎಂದು ಅಂಗಾರ ಕೂಗಿದ. ಕ್ರಿಶ್ಚನ್ ಹೆಂಗಸರನ್ನು ಅವನು ಕರೆಯುವುದೇ 'ಬಾಯಿ' ಎಂದು.

ಆಲಿಸ್ ಮಕ್ಕಳನ್ನು ಹಗ್ಗದ ಎರಡೂ ಬದಿಗೆ ನಿಲ್ಲಿಸಿದಳು. ಒಬ್ಬ ಕೂಗಬೇಕು, ಉಳಿದವರು ಓಗೊಡುತ್ತ ಹಿಮ್ಮಡಿ ಊರಿ ಹಿಂದಕ್ಕೆ ವಾಲಬೇಕು. ಕಾಲು, ಬೆನ್ನು, ಉಸಿರು ಎಲ್ಲ ಒಟ್ಟಿಗೆ. ಯಾವ ಡ್ರಿಲ್ ಪುಸ್ತಕದಲ್ಲೂ ಇಂಥದ್ದಿಲ್ಲ ಎಂದು ಅವಳಿಗೆ ಖುಷಿಯೋ ಖುಷಿ. ತಿರುಗಿ ನೋಡುತ್ತಾಳೆ, ಹಗ್ಗದ ಬಾಲದಲ್ಲಿ ವೇದವತಿ! ಕೊಡೆಗಳೆಲ್ಲ ಮರಳಲ್ಲಿ ಬಿದ್ದಿವೆ, ಹುಡುಗಿ ಹಲ್ಲು ಕಚ್ಚಿ ಎಳೆಯುತ್ತಿದ್ದಾಳೆ. ಆಲಿಸ್ 'ಬೇಡ' ಎನ್ನಲು ಬಾಯಿ ತೆರೆದಳು. ಹುಡುಗಿ ಇವಳನ್ನು ನೋಡಿ ನಕ್ಕಳು. ಆ ಮಗು ನಕ್ಕದ್ದನ್ನು ಅದುವರೆಗೆ ನಮ್ಮ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ. ಆಲಿಸ್ ಬಾಯಿ ಮುಚ್ಚಿದಳು.

ಬಲೆ ಬಂತು. ದಡದ ಮೇಲೆ ಬಂಗುಡೆಯ ರಾಶಿ. ಹಗ್ಗಕ್ಕೆ ಕೈ ಹಾಕಿದವರನ್ನು ಪಾಲು ಕೊಡದೆ ಕಳುಹಿಸುವ ಪದ್ಧತಿ ರಂಪಣಿಯವರಲ್ಲಿಲ್ಲ. ಆಲಿಸ್ ಸಣ್ಣ ಮಕ್ಕಳ ಕಾಲಿನ ಮರಳು ತೊಳೆಸುವಷ್ಟರಲ್ಲಿ ಅಂಗಾರ ಒಬ್ಬೊಬ್ಬರ ಕೈಗೂ ಬಂಗುಡೆ ಕೊಟ್ಟು ಕಳುಹಿಸಿಯಾಗಿತ್ತು. ವೇದವತಿಗೂ ಕೊಟ್ಟಿದ್ದ. ಉಪಾಧ್ಯರ ಮನೆಗೆ ಬಂಗುಡೆ! ಹುಡುಗಿಗೆ ತಮ್ಮ ಮನೆಯಲ್ಲಿ ಮೀನು ಮುಟ್ಟುವುದಿಲ್ಲ ಎಂದು ಗೊತ್ತಿಲ್ಲದೆ ಏನಲ್ಲ. ಆದರೆ ದುಡಿದು ಪಡೆದದ್ದನ್ನು ಬಿಸಾಡಲು ಮನಸ್ಸು ಬರಲಿಲ್ಲ. ಒಳಗೆ ಒಯ್ಯಲೂ ಧೈರ್ಯವಿಲ್ಲ. ಕೊನೆಗೆ ಜಗಲಿಯಲ್ಲಿ ಅಜ್ಜ ಶಾಲು ಹಾಕುವ ಗೂಟಕ್ಕೆ ನೇತುಹಾಕಿದಳು.

ಮುಂದಿನ ರಂಪವನ್ನು ನಾನು ವರ್ಣಿಸಬೇಕಾಗಿಲ್ಲ. ನಾವು ಶಾಲೆಗೆ ಬೀಗ ಹಾಕುವಷ್ಟರಲ್ಲಿ ಉಪಾಧ್ಯರ ಮನೆಯ ಆಳು ಬಂದು, ನಾಳೆ ಬೆಳಿಗ್ಗೆ ಆಲಿಸ್ ಟೀಚರ್ ಮನೆಗೆ ಬರಬೇಕಂತೆ ಎಂದು ಹೇಳಿ ಹೋದ.

"ಮೀನಿನದ್ದು ಏನಿಲ್ಲ ಮಾರಾಯ್ತಿ, ಎರಡು ಬೈಗುಳ ತಿಂದರೆ ಮುಗೀತು" ಎಂದೆ.

"ಮೀನಿಗೆ ಯಾರು ಹೆದರ್ತಾರೆ, ಸರಸಕ್ಕ? ಆ ಮಗುವಿಗೆ ಇವತ್ತು ಜ್ವರ ಬಂದರೆ? ಕೆಮ್ಮು ಶುರುವಾದರೆ? ನಾನು ನೋಡಿಯೂ ಸುಮ್ಮನಿದ್ದೆ." ಕೆಲಸ ಹೋಗುವುದು ಒಂದು ಕಡೆ. ಒಂದು ಮಗುವಿನ ಎದೆಗೆ ತನ್ನಿಂದ ಪೆಟ್ಟಾಯಿತೇ ಎಂಬುದು ಅವಳನ್ನು ತಿನ್ನುತ್ತಿತ್ತು.

ಮರುದಿನ ಇಬ್ಬರೂ ಹೋದೆವು. ಗೂಟವನ್ನೇ ಕಿತ್ತು ಹಾಕಿದ್ದರು. ಉಪಾಧ್ಯರು ಅರ್ಧ ಗಂಟೆ ಬೈದರು. ಆಲಿಸ್ ತಲೆ ತಗ್ಗಿಸಿ ನಿಂತಿದ್ದಳು. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಬಂದರು.

"ಟೀಚರೇ, ನಿನ್ನೆ ಮಗುವಿಗೆ ಎಂತ ತಿನ್ನಿಸಿದಿರಿ?"

"ಏನೂ ಇಲ್ಲ ಅಮ್ಮ, ನೀರು ಸಹ ಕೊಡಲಿಲ್ಲ" ಎಂದಳು ಆಲಿಸ್.

"ಹಾಗಾದರೆ ಅದು ರಾತ್ರಿ ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡದ್ದು ಎಂತಕ್ಕೆ? ಸಾರು ಖಾಲಿ, ಮಜ್ಜಿಗೆ ಖಾಲಿ. ಬಾಳೆಲೆ ಎತ್ತುವ ಮೊದಲೇ ಅಲ್ಲಿಯೇ ತೂಕಡಿಸಿತು. ಇನ್ನೂ ಎದ್ದಿಲ್ಲ."

"ಜ್ವರ?" ಎಂದಳು ಆಲಿಸ್.

"ಇಲ್ಲ."

"ಕೆಮ್ಮು?"

ಅಜ್ಜಿ ಇಲ್ಲವೆಂದು ತಲೆಯಾಡಿಸಿದರು. ಉಪಾಧ್ಯರಿಗೆ ಮಾತ್ರ ಸಮಾಧಾನವಿಲ್ಲ. ಹಸಿವು ಬಂದರೆ ಸಾಕೇ, ಒಳಗೆ ಏನಾಗಿದೆಯೋ ಎಂದರು. ಆಗ ಆಲಿಸ್ ತಲೆಯೆತ್ತಿ, "ಮಣಿಪಾಲದಲ್ಲಿ ಎಕ್ಸ್‌ರೇ ತೆಗೆದು ನೋಡ್ತಾರೆ. ಒಮ್ಮೆ ಕರ್ಕೊಂಡು ಹೋಗಿ" ಎಂದಳು. ಆ ಮಾತು ಆ ಮನೆಯಲ್ಲಿ ಅದುವರೆಗೆ ಯಾರೂ ಆಡಿದ್ದಿಲ್ಲ. ಉಪಾಧ್ಯರು ಅಜ್ಜಿಯ ಮುಖ ನೋಡಿ, "ಸೋಮವಾರ ಹೋಗುವ. ನೀವೂ ಬನ್ನಿ. ಅಲ್ಲಿ ಏನಾದರೂ ಹೇಳಿದರೆ ನೀವು ಮತ್ತೆ ಶಾಲೆಯ ಮೆಟ್ಟಲು ಹತ್ತುವುದು ಬೇಡ" ಎಂದರು. ಕಾಯಿಲೆ ಮೊದಲೇ ಇದ್ದರೂ ತಪ್ಪು ಇವಳದ್ದು! ದೊಡ್ಡವರ ನ್ಯಾಯ. ನಾನು ಏನೋ ಹೇಳಹೊರಟೆ, ಆಲಿಸ್ ನನ್ನ ಕೈ ಚಿವುಟಿದಳು.

ಸೋಮವಾರ ನಾನು ಎರಡು ಕ್ಲಾಸುಗಳನ್ನು ಒಟ್ಟಿಗೆ ಹಿಡಿದೆ. ಏನು ಕಲಿಸಿದೆನೋ ದೇವರಿಗೇ ಗೊತ್ತು. ನನ್ನ ದೇವರು, ಅವಳ ದೇವರು, ಉಪಾಧ್ಯರ ದೇವರು, ಯಾರನ್ನೂ ಬಿಡದೆ ಕೇಳಿಕೊಂಡೆ. ಸಂಜೆ ಶಾಲೆ ಬಿಟ್ಟು ಬಸ್ಸು ನಿಲ್ಲುವಲ್ಲಿ ಹೋಗಿ ನಿಂತೆ. ಒಂದು ಬಸ್ಸು ಬಂತು, ಅವರಿಲ್ಲ. ಇನ್ನೊಂದು ಬಂತು. ಮೊದಲು ವೇದವತಿ ಧಡಕ್ಕನೆ ಹಾರಿ ಇಳಿದಳು. ಹಿಂದೆ ಆಲಿಸ್, ಕಟಪಾಡಿಯಲ್ಲಿ ಇಳಿಯದೆ ನನಗೆ ಹೇಳಲೆಂದೇ ಬಂದವಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ನನ್ನನ್ನು ಕಂಡದ್ದೇ, "ಏನೂ ಇಲ್ಲ, ಸರಸಕ್ಕ. ಎದೆ ಸ್ವಚ್ಛ ಉಂಟಂತೆ. ಏನೂ ಇಲ್ಲ, ಏನೂ ಇಲ್ಲ!" ಎಂದು ನಡುರಸ್ತೆಯಲ್ಲಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಹೋದ ಜೀವ ಬಂದಂತಾಯಿತು ನನಗೆ.

ಡಾಕ್ಟರು ಹೇಳಿದ್ದಿಷ್ಟಂತೆ: ಮಗುವಿಗೆ ಕಾಯಿಲೆಯಿಲ್ಲ, ಕೂರಿಸಿ ಕೂರಿಸಿ ಸೊರಗಿದೆ, ಓಡಾಡಿಸಿ. ಅದನ್ನು ಕೇಳಿ ಅಜ್ಜಿ ಆಸ್ಪತ್ರೆಯ ಮೆಟ್ಟಲಲ್ಲೇ ಕುಳಿತು ಗಟ್ಟಿಯಾಗಿ ಅತ್ತರಂತೆ, ಯಾರು ನೋಡುತ್ತಾರೆ ಎಂಬ ಗೊಡವೆಯಿಲ್ಲದೆ. ಉಪಾಧ್ಯರು ಬಸ್ಸಿನಲ್ಲಿ ಉಡುಪಿ ದಾಟುವವರೆಗೂ ಕಿಟಕಿಯಾಚೆಯೇ ನೋಡುತ್ತಿದ್ದು, ಕಟಪಾಡಿ ಬರುವಾಗ, "ಟೀಚರೇ, ನಿಮ್ಮ ಕೆಲಸ ಕಾಯಂ ಮಾಡಲಿಕ್ಕೆ ಬರೆಯುತ್ತೇನೆ. ಮಗು ಹಗ್ಗ ಎಳೆಯಲಿ. ಆದರೆ ಮೀನು ಮಾತ್ರ ನಮ್ಮ ಮನೆಗೆ ಬೇಡ" ಎಂದರಂತೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅಂಗಾರ ಎಡವಟ್ಟು ಮಾಡಿದ. ವೇದವತಿಗೆ ಮೀನಿನ ಪಾಲು ಬೇಡ ಎಂದು ಆಲಿಸ್ ಹೇಳಿದಾಗ, "ಹಾಗಾದರೆ ಅವಳು ಹಗ್ಗ ಮುಟ್ಟುವುದೂ ಬೇಡ, ಬಾಯಿ" ಎಂದ. "ಮಕ್ಕಳ ಕೈಯಿಂದ ಬಿಟ್ಟಿ ಕೆಲಸ ಮಾಡಿಸಿ ನಾನು ಬಲೆ ಎಳೀಲಿಕ್ಕುಂಟಾ? ನಮ್ಮಲ್ಲಿ ಅದು ಆಗುವುದಿಲ್ಲ." ಒಬ್ಬರಿಗೆ ಮನೆಯ ಶುದ್ಧಿ, ಇನ್ನೊಬ್ಬರಿಗೆ ಕಡಲಿನ ಧರ್ಮ. ಇಬ್ಬರೂ ಜಗ್ಗುವವರಲ್ಲ. ನಡುವೆ ಆ ಹುಡುಗಿ ಮತ್ತೆ ಕೊಡೆ ಕಾಯಬೇಕು. ಇಬ್ಬರ ತಲೆಯನ್ನೂ ಒಂದಕ್ಕೊಂದು ಕುಟ್ಟಬೇಕೆನಿಸಿತು ನನಗೆ.

ಆಲಿಸ್ ಕುಟ್ಟಲಿಲ್ಲ, ಯೋಚಿಸಿದಳು. ಅಂಗಾರನ ಮನೆಯ ಸುತ್ತಲಿನ ತೆಂಗಿನ ಮರಗಳನ್ನು ನೋಡಿ, "ಅಂಗಾರಣ್ಣ, ಪಾಲು ಮೀನೇ ಆಗಬೇಕು ಅಂತ ಉಂಟಾ? ತೆಂಗಿನಕಾಯಿ ಆದರೆ ಆಗುದಿಲ್ವಾ?" ಎಂದು ಕೇಳಿದಳು. ಅಂಗಾರ ತಲೆ ಕೆರೆದುಕೊಂಡ. ಪಾಲು ಪಾಲೇ, ಕೊಟ್ಟ ಹಾಗೂ ಆಯಿತು. ಕಾಯಿಗೆ ಉಪಾಧ್ಯರ ಮನೆಯಲ್ಲೂ ಅಡ್ಡಿಯಿಲ್ಲ. ಒಪ್ಪಿದ.

ಆ ಶುಕ್ರವಾರ ನಾನೂ ಕಡಲ ಬದಿಗೆ ಹೋದೆ. ಮಗ್ಗಿ ಒಂದು ದಿನ ಕಾಯಬಹುದು. ಸುಮ್ಮನೆ ನೋಡಲು ಹೋದವಳು ಹಗ್ಗವನ್ನೂ ಎಳೆದೆ, ಯಾರೂ ಕೇಳದಿದ್ದರೂ. ಬಲೆ ಬಂದ ಮೇಲೆ ಅಂಗಾರ ಒಂದು ಸುಲಿದ ಕಾಯಿಯನ್ನು ವೇದವತಿಯ ಎರಡೂ ಕೈಯಲ್ಲಿಟ್ಟ. ಹುಡುಗಿ ಅದನ್ನು ಎದೆಗೆ ಒತ್ತಿಕೊಂಡಳು. ಈ ಸಲ ಏನೂ ಎಡವಟ್ಟಾಗಬಾರದೆಂದು ಆಲಿಸ್ ಮತ್ತು ನಾನು ಅವಳ ಮನೆಯವರೆಗೂ ಹಿಂದೆ ಹೋದೆವು.

ಗೇಟಿನಲ್ಲಿ ಅಜ್ಜಿ ನಿಂತಿದ್ದರು. ಅವರನ್ನು ದೂರದಿಂದ ಕಂಡದ್ದೇ ಹುಡುಗಿ ಓಡತೊಡಗಿದಳು. ಆಲಿಸಳ ಕೈ ತಡೆಯಲೆಂದು ಅರ್ಧ ಎದ್ದು ಹಾಗೇ ಇಳಿಯಿತು. "ಅಜ್ಜೀ, ಇದು ನನ್ನ ಪಾಲು! ನಾನು ಎಳೆದದ್ದು!" ಎನ್ನುತ್ತ ಹುಡುಗಿ ಕಾಯಿಯನ್ನು ಅವರ ಕೈಗಿಟ್ಟಳು. ಉಸಿರು ಮೇಲೆ ಕೆಳಗಾಗುತ್ತಿತ್ತು, ಭುಜ ಕುಣಿಯುತ್ತಿತ್ತು. ಆ ಮನೆಯಲ್ಲಿ ಏದುಸಿರು ಎಂದರೆ ಒಂದೇ ಅರ್ಥ. ಜಗಲಿಯಲ್ಲಿದ್ದ ಉಪಾಧ್ಯರು ಎದ್ದು ನಿಂತರು. ಅಜ್ಜಿಯ ಮುಖವೂ ಒಂದು ಕ್ಷಣ ಬಿಳಿಚಿತು. ಅವರು ಬಗ್ಗಿ ಮಗುವಿನ ಎದೆಗೆ ಕಿವಿಯಿಟ್ಟರು. ತುಸು ಹೊತ್ತಿನಲ್ಲಿ ಉಸಿರು ತಾನಾಗಿಯೇ ಹದಕ್ಕೆ ಬಂತು.

ಅಜ್ಜಿ ನೆಟ್ಟಗಾದರು. ಸೆರಗಿನಿಂದ ಮಗುವಿನ ಬೆವರು ಒರೆಸಿದರು. ಆಮೇಲೆ ಅಂಗಳದ ಆ ತುದಿಗೆ ಕೈ ತೋರಿಸಿ, "ಮಗಾ, ಆ ಮಾವಿನ ಮರದವರೆಗೆ ಇನ್ನೊಮ್ಮೆ ಓಡಿ ಬಾ, ನೋಡುವ" ಎಂದರು.